ಕಡಲೆಕಾಯಿಯ ದಾಯಾದಿಗಳು

ಬೇಳೆಕಾಳಿಗೆ ನನ್ನ ಚಿಕ್ಕಪ್ಪನಷ್ಟು ಹೆದರುವ ಗಂಡಸು ಜಯನಗರದಿಂದ ಕೋಣನಕುಂಟೆಯವರೆಗೆ ಇನ್ನೊಬ್ಬನಿಲ್ಲ. ತಮಾಷೆಯೆಂದರೆ, ಅಲರ್ಜಿ ಇರುವುದು ಅವರಿಗಲ್ಲ, ನನಗೆ! ಅದೂ ಕಡಲೆಕಾಯಿಗೆ.

ಹಿಂದೊಮ್ಮೆ ಯಾರೋ ಡಾಕ್ಟರು, "ಕಡಲೆಕಾಯಿ, ಬೇಳೆಕಾಳು ಎಲ್ಲ ಒಂದೇ ಕುಟುಂಬ. ಕೆಲವರಿಗೆ ಬೇರೆ ಕಾಳೂ ಆಗಿಬರಲ್ಲ" ಅಂದಿದ್ದರು. 'ಕೆಲವರಿಗೆ' ಎಂಬುದು ಚಿಕ್ಕಪ್ಪನ ಕಿವಿಗೆ ಬೀಳಲೇ ಇಲ್ಲ.

"ಎಲ್ಲರಿಗೂ ಹಾಗಾಗಲ್ಲ ಚಿಕ್ಕಪ್ಪ."

"ದಾಯಾದಿ ಮನೇಲಿ ಸಾವಾದ್ರೆ ನಮಗೆ ಸೂತಕ ಇಲ್ವೇನೋ? ಕಾಳಿಗೂ ಅಷ್ಟೇ!"

ಎಂ.ಎಸ್ಸಿ. ಓದಿದ ನನಗೇ ಪಾಠ!

ಜಯನಗರದ ಹೋಟೆಲಿನಲ್ಲಿ ಚಿಕ್ಕಪ್ಪನಿಂದ ಸಪ್ಲೈಯರ್‌ಗೆ ವಿಚಾರಣೆ. "ಸಾಂಬಾರಿಗೆ?" "ತೊಗರಿಬೇಳೆ ಅಂಕಲ್." "ಇಡ್ಲಿಗೆ?" "ಉದ್ದು." "ದೋಸೆಗೆ ಮೆಂತ್ಯ ಹಾಕ್ತೀರಾ?" ಮೆಂತ್ಯವೂ ಆ ಕುಟುಂಬದ್ದಂತೆ! ಸುಳ್ಳೆಂದು ಸಾಬೀತು ಮಾಡಲು ಫೋನಿನಲ್ಲಿ ಹುಡುಕಿದೆ. ಹಾಳಾದ್ದು, ನಿಜ. ಆವತ್ತು ತಿಂದದ್ದು ಕೇಸರಿಬಾತ್.

ನನ್ನ ಮದುವೆಯಲ್ಲೂ ಬೆನ್ನ ಹಿಂದೆ ನಿಂತು, ಎಲೆಯಿಂದ ಕೋಸಂಬರಿ, ಹೋಳಿಗೆ ಎತ್ತಿ ಎತ್ತಿ ಪಕ್ಕಕ್ಕಿಟ್ಟರು. ನಮಗೆ ಅಡುಗೆ ಹಿಡಿಸಲಿಲ್ಲವೆಂದುಕೊಂಡು ಬೀಗರು ಮುನಿದರು!

ಇಷ್ಟು ವರ್ಷ ಯಾಕೆ ಸಹಿಸಿದೆ? ಕಾಲೇಜಿನಲ್ಲಿದ್ದಾಗ ಕದ್ದು ಅವರೆಕಾಳಿನ ಉಪ್ಪಿಟ್ಟು ತಿಂದು ಗಂಟಲು ಕೆರೆದಿತ್ತು. ಕೆರೆದದ್ದು ಅವರೆಕಾಳಿಗೋ, ಅದೇ ಹೊತ್ತಿಗೆ ಬಂದ ಚಿಕ್ಕಪ್ಪನ ಫೋನಿಗೋ, ಈಗ ಆಣೆಯಿಟ್ಟು ಹೇಳಲಾರೆ.

ಕೊನೆಗೆ ಕಳೆದ ತಿಂಗಳು ಜೆ.ಪಿ. ನಗರದ ಅಲರ್ಜಿ ಡಾಕ್ಟರರ ಬಳಿ ಹೋದೆ. ಮನೆಯವರ ಜೊತೆ ಕೂತು ಒಂದು ತಟ್ಟೆ ಅನ್ನ, ಬೇಳೆಸಾರು ಉಣ್ಣಬೇಕು, ಅಷ್ಟೇ ನನ್ನಾಸೆ. "ರಕ್ತಪರೀಕ್ಷೆ ನೋಡಿಯೇ ತೀರ್ಮಾನ ಮಾಡೋಕಾಗಲ್ಲ. ಇಲ್ಲೇ, ನಮ್ಮೆದುರೇ ತೊಗರಿಬೇಳೆ ಸ್ವಲ್ಪ ಸ್ವಲ್ಪ ತಿಂದು ನೋಡೋಣ" ಅಂದರು ಡಾಕ್ಟರು. ಕರೆಯದಿದ್ದರೂ ಚಿಕ್ಕಪ್ಪ ಹಾಜರ್!

"ಮೊದಲ ಸಲ ಅಲರ್ಜಿ ಆದದ್ದು ಯಾವಾಗ?"

"ಐದು ವರ್ಷದವನಿದ್ದೆ ಡಾಕ್ಟ್ರೇ. ಅಮ್ಮ ಕಡಲೆಕಾಯಿ ಕೊಟ್ಟಿದ್ದಳು. ನನಗೆ ಚೆನ್ನಾಗಿ ನೆನಪಿದೆ."

"ಅತ್ತಿಗೆ ಅಲ್ಲ," ಅಂದರು ಚಿಕ್ಕಪ್ಪ. "ನಾನು. ಹೊಲದಲ್ಲಿ ಆಗ ತಾನೇ ಕಿತ್ತ ಕಾಯಿ, ನಾನೇ ಸುಲಿದು ಬಾಯಿಗಿಟ್ಟೆ. ತುಟಿ ಊದ್ತು. ಇರುವೆ ಕಚ್ಚಿರಬೇಕು ಅಂತ, ಅಳು ನಿಲ್ಲಿಸೋಕೆ ಇನ್ನೆರಡು ಕೊಟ್ಟೆ. ಉಸಿರೇ ನಿಂತುಹೋಗೋದ್ರಲ್ಲಿತ್ತು. ಮನೇಲಿ ನನ್ನ ಬೈತಾರೆ ಅಂತ ಅತ್ತಿಗೆ ತಾನೇ ಕೊಟ್ಟೆ ಅಂದ್ಬಿಟ್ರು."

ಚೆನ್ನಾಗಿ ನೆನಪಿದೆ ಅಂದಿದ್ದೆನಲ್ಲ!

ನರ್ಸ್ ಅರ್ಧ ಚಮಚ ಬೆಂದ ಬೇಳೆ ತಂದರು. ಬಟ್ಟಲನ್ನು ಚಿಕ್ಕಪ್ಪನ ಕಡೆ ತಳ್ಳಿದೆ. "ನೀವೇ ಕೊಡಿ."

"ನಾನು ಬೇಡ ಕಣೋ..."

ಬಾಯಿ ತೆರೆದು ಕೂತೆ. ಅವರು ಚಮಚ ಎತ್ತಿದ್ದೇ ತಡ, ಬೇಳೆಯೆಲ್ಲ ನನ್ನ ಅಂಗಿಯ ಮೇಲೆ ಬಿತ್ತು. ನರ್ಸ್ ಮತ್ತೆ ಅಳೆದು ತಂದರು. ಈ ಸಲ ಎರಡೂ ಕೈಯಲ್ಲಿ ಚಮಚ ಹಿಡಿದು ತಿನ್ನಿಸಿದರು.

ಇಪ್ಪತ್ತು ನಿಮಿಷ ನನ್ನ ತುಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಊದಿಲ್ಲ ಅಲ್ವಾ ಡಾಕ್ಟ್ರೇ?" ಅಂತ ನಾಲ್ಕು ಸಲ ಕೇಳಿದರು.

"ಇಲ್ಲ. ಈಗ ಒಂದು ಚಮಚ ಕೊಟ್ಟು ನೋಡೋಣ," ಅಂದರು ಡಾಕ್ಟರು.

ಚಿಕ್ಕಪ್ಪ ನನ್ನ ಮುಖ ನೋಡಿದರು. "ನಾನೇ ಕೊಡ್ಲೇನೋ?"