ದೇವರು ಆರಿಸಲಿ ಎಂದು ಕುಳಿತದ್ದು

ಸೋಮಾರಿಯ ಕೈಗೆ ಒಂದು ದೊಡ್ಡ ಸಿದ್ಧಾಂತ ಸಿಕ್ಕಿಬಿಟ್ಟರೆ ಅವನನ್ನು ಹಿಡಿಯುವವರಿಲ್ಲ. ನನಗೆ ಸಿಕ್ಕಿದ್ದು ದೈವಸಂಕಲ್ಪ. ತುರ್ತುಪರಿಸ್ಥಿತಿ ಮುಗಿದ ಮಾರನೆಯ ವರ್ಷ ಪುತ್ತೂರಿನ ನಮ್ಮ ಚರ್ಚಿಗೆ ಹೊಸದಾಗಿ ಬಂದ ಸಭಾಪಾಲಕರು, "ಲೋಕ ಹುಟ್ಟುವ ಮುಂಚೆಯೇ ದೇವರು ತನ್ನವರನ್ನು ಆರಿಸಿ ಆಗಿದೆ. ಅದರಲ್ಲಿ ನಿಮ್ಮ ಯೋಗ್ಯತೆ ಎಂತದೂ ಇಲ್ಲ" ಎಂದು ಪ್ರಸಂಗ ಮಾಡಿದರು. ಕಬಡ್ಡಿ ತಂಡಕ್ಕಾಗಲಿ, ಹೆಣ್ಣು ನೋಡಲು ಹೋದ ಮನೆಗಳಲ್ಲಾಗಲಿ ಒಮ್ಮೆಯೂ ಆಯ್ಕೆಯಾಗದ ನನಗೆ ಕಣ್ಣು ತುಂಬಿ ಬಂತು.

ಆಗ ನಾನು ಕಾಣಿಯೂರಿನ ಕಡೆ ಶಾಲಾ ಮಾಸ್ತರ. ವಯಸ್ಸು ಮೂವತ್ತೆಂಟು. ಆ ಸುತ್ತಿನಲ್ಲಿ ನಮ್ಮ ಚರ್ಚಿನವನೆಂದರೆ ನಾನೊಬ್ಬನೇ. ಬಾಡಿಗೆ ಕೋಣೆಯಲ್ಲಿ ಒಬ್ಬನಿಗೆಂದು ಅಕ್ಕಿ ಹಾಕಿದರೂ ಗಂಜಿ ಇಬ್ಬರಿಗಾಗುವಷ್ಟು ಬೇಯುತ್ತಿತ್ತು. ಉಳಿದದ್ದನ್ನು ಮರುದಿನ ನಾನೇ ಅತಿಥಿಯಾಗಿ ಉಣ್ಣುತ್ತಿದ್ದೆ. ವಾರವಿಡೀ ಕಾಯುತ್ತಿದ್ದುದು ಭಾನುವಾರಕ್ಕೆ. ಭಕ್ತಿಯಿಂದ ಎಂದರೆ ಸುಳ್ಳಾದೀತು. ಕಬಕದಿಂದ ಬರುವ ಸುಗುಣಾ ಟೀಚರ್ ಆರಾಧನೆ ಮುಗಿದ ಮೇಲೆ ಬಸ್ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದರು. ಅವರೂ ಒಂಟಿ. ಮಕ್ಕಳ ಪರೀಕ್ಷೆ, ಇನ್ಸ್‌ಪೆಕ್ಟರರ ಭೇಟಿ ಎಂದು ಏನೇನೋ ಮಾತಾಡುತ್ತಿದ್ದೆವು. ಕೇಳಬೇಕಾದ್ದನ್ನು ಮಾತ್ರ ನಾನು ಕೇಳಲಿಲ್ಲ. ಲೋಕ ಹುಟ್ಟುವ ಮುಂಚೆಯೇ ನಿಶ್ಚಯವಾಗಿದ್ದರೆ ನಡುವೆ ನಾನ್ಯಾಕೆ ಬಾಯಿ ಹಾಕಲಿ? ಹೀಗೆ ನಾಲ್ಕು ವರ್ಷ ಕಳೆಯಿತು.

ಒಂದು ಭಾನುವಾರ ಅವರೇ, "ಮಾಸ್ಟ್ರೇ, ನನಗೆ ಮದುವೆ ನಿಶ್ಚಯ ಆಯ್ತು. ಉಡುಪಿಯವರು. ಮೊದಲನೆಯ ಹೆಂಡತಿ ತೀರಿಹೋಗಿದ್ದಾರೆ" ಎಂದರು.

"ಅವರಲ್ಲಿ ಎಂತ ಉಂಟು ಟೀಚರ್?" ಎಂದುಬಿಟ್ಟೆ, ಮೂರ್ಖನಂತೆ.

ಅವರು ಸಿಟ್ಟಾಗಲಿಲ್ಲ. "ವಿಶೇಷ ಎಂತ ಇಲ್ಲ. ಅವರು ಬಂದು ಕೇಳಿದರು" ಎಂದರು. ಬಸ್ಸು ಬರುವ ದಾರಿ ನೋಡುತ್ತ, "ನಾನು ತುಂಬಾ ಸಮಯ ಕಾದೆ ಮಾಸ್ಟ್ರೇ" ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು.

ನನ್ನ ಬಸ್ಸನ್ನು ಬಿಟ್ಟು ಸೀದಾ ಸಭಾಪಾಲಕರ ಮನೆಗೆ ಹೋದೆ. ಅವರು ಊಟಕ್ಕೆ ಕೂರುವುದರಲ್ಲಿದ್ದರು. ಎಲ್ಲವನ್ನೂ ಹೇಳಿ, "ಇದೂ ಮೊದಲೇ ಬರೆದಿಟ್ಟದ್ದಾ ಅಯ್ಯನವರೇ?" ಎಂದೆ.

ಅವರು ನನಗೊಂದು ಕುರ್ಚಿ ಎಳೆದು ಕೊಟ್ಟರು. "ದೇವರು ಆರಿಸುದು ನಿಮ್ಮನ್ನು ರಕ್ಷಿಸಲಿಕ್ಕೆ ಮಾರಾಯ್ರೆ, ನಿಮ್ಮ ಪರವಾಗಿ ಹೆಣ್ಣು ಕೇಳಲಿಕ್ಕೆ ಅಲ್ಲ" ಎಂದು ನನಗೂ ಒಂದು ತಟ್ಟೆ ಇಡಿಸಿದರು.

ಮೀನಿನ ಸಾರು ಚೆನ್ನಾಗಿತ್ತು. ದುಃಖದಲ್ಲೂ ಹಸಿವು ಇರುತ್ತದೆಂದು ಅಂದು ತಿಳಿಯಿತು. ಅವರ ಹೆಂಡತಿ ಪಾತ್ರೆ ಹಿಡಿದು ಬಂದು, "ಇನ್ನೊಂದು ತುಂಡು ಬೇಕಾ?" ಎಂದು ಕೇಳಿದರು. ಬೇಕಿತ್ತು. ತಟ್ಟೆ ನೋಡುತ್ತ ಸುಮ್ಮನೆ ಕುಳಿತೆ. ಅವರು ಸ್ವಲ್ಪ ಹೊತ್ತು ನಿಂತು, ಪಾತ್ರೆಯನ್ನು ಒಳಗೆ ಒಯ್ದರು.