ಮೂರನೆಯ ಚುಕ್ಕೆ

ಹೊನ್ನಾವರದ ಗುಮಾಸ್ತ ದಿನಕರ ಭಟ್ಕಳದಿಂದ ಕೊಂಡು ತಂದ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಪರದೆಯಲ್ಲಿ ಆರನೆಯ ದಿನ ಸಾಸಿವೆಯಷ್ಟು ಹಸಿರು ಚುಕ್ಕೆಯೊಂದು ಬಂದು ಬಿಡಾರ ಹೂಡಿತು. ಅದನ್ನು ವೈರಿ ವಿಮಾನವೆಂದು ತಿಳಿದು ದಿನಕರ ಗುಂಡು ಹಾರಿಸಿದ್ದೇ ಹಾರಿಸಿದ್ದು. ಅಷ್ಟರಲ್ಲಿ ನಿಜವಾದ ವೈರಿಗಳು ಹಿಂದಿನಿಂದ ಬಂದು ಇವನನ್ನೇ ಕೆಡವುತ್ತಿದ್ದರು. ಕೆಟ್ಟರೆ ಅಂಗಡಿಯವರು ಬದಲಿ ಕೊಡುವ ಗಡುವು ಏಳು ದಿನ. ಏಳನೆಯ ಬೆಳಿಗ್ಗೆ ಪಕ್ಕದ ಮನೆಯ ಹನುಮಕ್ಕ ನೋಡಿ, ಹೊಸ ವಸ್ತುವಿಗೆ ಕಂಪನಿಯವರೇ ದೃಷ್ಟಿಬೊಟ್ಟು ಇಟ್ಟು ಕಳಿಸಿದ್ದಾರಲ್ಲ ಎಂದು ಮೆಚ್ಚಿಕೊಂಡಳು.

ಕಚೇರಿಯಲ್ಲಿ ನಾಗರಾಜನಿಗೆ ಗೊತ್ತಿಲ್ಲದ ರಿಪೇರಿಯೇ ಇಲ್ಲ. ಮೊಡವೆಯ ಹಾಗೆ ಒತ್ತಿದರೆ ಹೋಗುತ್ತದೆಂದು ಪೆನ್ನಿನ ಟೊಪ್ಪಿಯಿಂದ ಒತ್ತಿದ. ಹಸಿರು ಹೋಗಲಿಲ್ಲ, ಪಕ್ಕದಲ್ಲಿ ಕೆಂಪೊಂದು ಹುಟ್ಟಿತು.

"ಎಂತ ಮಾಡ್ದ್ಯೋ ಮಾರಾಯ?"

"ಪಾಪ, ಒಂದೇ ಇತ್ತು. ಜೊತೆಯಾತು."

ದಿನಕರ ಅಂಗಡಿಗೆ ಫೋನು ಮಾಡಿದ. ಮೂರು ಚುಕ್ಕೆಯಿದ್ದರೆ ಬದಲಿ, ಕಮ್ಮಿಯಾದರೆ ಇಲ್ಲ, ಅದೂ ಇವತ್ತು ಐದರೊಳಗೆ ಎಂದರು. ನಾಗರಾಜ ಕೂಡಲೇ ಅಂಗಡಿಯವರ ಮೂಗಿನ ದನಿ ತೆಗೆದು ಅಣಕಿಸಿದ: "ಎರಡು ಚುಕ್ಕೆ ಶೃಂಗಾರ ಸಾರ್. ಮೂರಾದ್ರೆ ಮಾತ್ರ ರೋಗ."

ಬೆಳಿಗ್ಗೆ ಚುಕ್ಕೆ ಅಳಿಸಲು ಹೊರಟವರು ಮಧ್ಯಾಹ್ನ ಚುಕ್ಕೆ ಬೆಳೆಸಲು ಕೂತರು. ಒತ್ತಿದರು, ತಟ್ಟಿದರು, ಬಿಸಿಲಿಗಿಟ್ಟರು. ಮೂರನೆಯದು ಹುಟ್ಟಲಿಲ್ಲ. ಕೊನೆಗೆ ಎರಡಕ್ಕೇ ಕೇಳಿ ನೋಡುವೆನೆಂದು ದಿನಕರ ಅರ್ಧ ದಿನದ ರಜೆ ಹಾಕಿ ಭಟ್ಕಳದ ಬಸ್ಸು ಹತ್ತಿದ.

ಪಕ್ಕದ ಸೀಟಿನಲ್ಲಿ ಮೀನು ಮಾರಿ ಮುಗಿಸಿದ ಮಾದಿ, ಕಾಲಡಿಯಲ್ಲಿ ಖಾಲಿ ಬುಟ್ಟಿ. ಇವನ ಗೋಳೆಲ್ಲ ಕೇಳಿ, "ಕೊಡಿ ನೋಡ್ವ" ಎಂದು ಇಸಿದುಕೊಂಡು, ಕಣ್ಣು ಕಿರಿದು ಮಾಡಿ, ಹೆಬ್ಬೆರಳಿನಿಂದ ಪರದೆಯುದ್ದಕ್ಕೂ ನೀವಿ ಕೊಟ್ಟಳು. ಮುರ್ಡೇಶ್ವರ ಕ್ರಾಸಿನಲ್ಲಿ ದಿನಕರ ನೋಡುತ್ತಾನೆ, ಮೂರನೆಯ ಚುಕ್ಕೆ! ಬೆಳ್ಳಗೆ, ನಕ್ಷತ್ರದಂತೆ.

"ನಿಮ್ಮ ಕೈಗುಣ ದೊಡ್ಡದು" ಎಂದ.

"ಹೌದ್ರಾ. ನನ್ ಕೈ ತಾಗಿ ಹಾಳಾದದ್ದು ಇದೇ ಮೊದ್ಲಲ್ಲ."

ಆಮೇಲೆ ಅವನು ಪರದೆಯನ್ನು ಒರೆಸಲಿಲ್ಲ, ಮುಟ್ಟಲೂ ಇಲ್ಲ. ಕರವಸ್ತ್ರದಲ್ಲಿ ಸುತ್ತಿ, ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಐದಕ್ಕೆ ಹತ್ತು ನಿಮಿಷವಿರುವಾಗ ಅಂಗಡಿ ಮುಟ್ಟಿದ.

ಅಂಗಡಿಯವರು ಎಣಿಸಿದರು. ಒಂದು. ಎರಡು. ಮೂರನೆಯದರ ಬಳಿ ತಡೆದು, ಪರದೆಯನ್ನು ಮೂಗಿನ ಹತ್ತಿರ ತಂದರು. ಉಗುರಿನಿಂದ ಒಮ್ಮೆ ಕೆರೆದಾಗ ಹುರುಪೆಯೊಂದು ಎದ್ದು ಗಾಜಿನ ಮೇಜಿನ ಮೇಲೆ ಬಿತ್ತು.

"ಸಾರ್, ಆ ಎರಡು ಕಂಪನಿದು. ಇದು ತಾರ್ಲೆ ಮೀನಿಂದು."

ದಿನಕರ ಪರದೆ ನೋಡಿದ. ಉಗುರು ಹೋದ ದಾರಿಯಲ್ಲಿ ಉದ್ದಕ್ಕೊಂದು ಗೀರು ಮೂಡಿತ್ತು. ಅದರ ಮೇಲೆ ಬೆರಳಿಟ್ಟು ಆಸೆಯಿಂದ ತಲೆಯೆತ್ತಿದ.

"ಅದು ಗೀರು ಸಾರ್" ಎಂದರು ಅಂಗಡಿಯವರು. "ಚುಕ್ಕೆಯಲ್ಲ."