ಪಿಲಾಟೆಸ್‌ಗೆ ಓವರ್‌ಟೈಮ್

ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದ ದೇಹ ಒಂದೇ ತಿಂಗಳಲ್ಲಿ ರಿಪೇರಿಯಾಗುತ್ತದೆ ಎಂಬುದರಲ್ಲಿ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಸೊಂಟ ಹಿಡಿದು ಎಂಟು ವರ್ಷ, ಮಂಡಿ ಕೈಕೊಟ್ಟು ಐದು ವರ್ಷ. ಅಲ್ಲಿಯವರೆಗೆ ಸುಮ್ಮನಿದ್ದವನಿಗೆ ಅವಸರ ಹತ್ತಿದ್ದು ಮಗಳು ಸುಮಾಳ ಮದುವೆ ಮುಂದಿನ ತಿಂಗಳಿಗೆ ಗೊತ್ತಾದಾಗ. ಧಾರೆ ಎರೆಯುವ ಅಪ್ಪ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಒಂದು ಗಂಟೆ ಕೂರಬೇಕು. ನಾನು ನೆಲದ ಮೇಲೆ ಕೂತು ಎಷ್ಟು ಕಾಲವಾಗಿತ್ತೋ.

ಹೊಳಲೂರಿನಿಂದ ತಮ್ಮ ನಾಗರಾಜ ಫೋನು ಮಾಡಿದ. "ಅಣ್ಣಾ, ನಿಂಗೆ ಕೂರಕ್ಕಾಗಲ್ಲ ಅಂದ್ರೆ ಬಿಡು ಮಾರಾಯ. ನಾನೂ ನನ್ನ ಹೆಂಡ್ತಿನೂ ಕೂತು ಧಾರೆ ಎರೀತೀವಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೂ ನನಗೆ ಸಂಕಟವಾಯಿತು. ಸುಮಾಳ ಕೈಯನ್ನು ಗಂಡಿನ ಕೈಗೆ ಕೊಡಬೇಕಾದವನು ನಾನು, ಅವನಲ್ಲ.

ಶಿವಮೊಗ್ಗದಲ್ಲಿ ಫಿಸಿಯೋಥೆರಪಿಯ ವೀಣಾ ಮೇಡಂ ಸೊಂಟನೋವು, ಮಂಡಿನೋವಿನವರಿಗೆ ಪಿಲಾಟೆಸ್ ಎಂಬ ವ್ಯಾಯಾಮ ಕಲಿಸುತ್ತಿದ್ದರು. ಭದ್ರಾವತಿಯಿಂದ ಬಸ್ಸು ಹತ್ತಿ ಹೋದೆ. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಹೊಟ್ಟೆ ಒಳಗೆಳೆದು, ಉಸಿರು ಬಿಡುತ್ತಾ ಸೊಂಟ ಎತ್ತಿ ಇಳಿಸಬೇಕು. ಇಷ್ಟೇ! ಬೆವರೂ ಬರಲಿಲ್ಲ.

"ದಿನಕ್ಕೆ ಹತ್ತು ಸಲ ಅಂಕಲ್, ನಿಧಾನವಾಗಿ. ನೋವು ಬಂದ್ರೆ ನಿಲ್ಲಿಸ್ಬಿಡಿ," ಎಂದರು.

ಇಲ್ಲಿ ನನ್ನ ವೃತ್ತಿಧರ್ಮ ಅಡ್ಡಬಂತು. ನಮ್ಮ ಕಾರ್ಖಾನೆಯ ಶಾಪಿನಲ್ಲಿ ಟಾರ್ಗೆಟ್ ಹತ್ತು ಎಂದರೆ ಹತ್ತಕ್ಕೆ ನಿಲ್ಲಿಸುವವನು ಸೋಮಾರಿ. ಹೆಚ್ಚು ತೆಗೆದವನಿಗೇ ಮರ್ಯಾದೆ, ಇನ್ಸೆಂಟಿವ್. ಹಾಗಾಗಿ ಹತ್ತನ್ನು ನಲವತ್ತಕ್ಕೆ ಏರಿಸಿದೆ. ಬೆಳಿಗ್ಗೆ ನಲವತ್ತರ ಒಂದು ಶಿಫ್ಟು, ಮಧ್ಯಾಹ್ನ ಇನ್ನೊಂದು, ಸಂಜೆ ಅಷ್ಟೇ ಓವರ್‌ಟೈಮು.

"ರೀ, ಮೇಡಂ ಹತ್ತು ಅಂದಿದ್ರಲ್ವಾ?" ಎಂದಳು ಹೆಂಡತಿ ಗಿರಿಜೆ.

"ಅದು ರೋಗಿಗಳಿಗೆ," ಎಂದೆ.

ನಾಲ್ಕನೆಯ ದಿನ, ಮೂವತ್ತೇಳನೆಯ ಸಲ ಎತ್ತುವಾಗ ಸೊಂಟ ಕಳಕ್ ಎಂದಿತು. ಬಿದ್ದವನು ಏಳಲಿಲ್ಲ. ಮಡಚಿದ ಮಂಡಿ ಬಿಡಿಸಲು ಹೋದರೆ ಜೀವ ಹೋಗುತ್ತಿತ್ತು. ಇನ್ನು ನಾಗರಾಜನೇ ಧಾರೆ ಎರೆಯುವುದು ಎಂದುಕೊಂಡು ಫ್ಯಾನು ನೋಡುತ್ತಾ ಮಲಗಿದೆ.

ಗಿರಿಜೆಯ ಕೂಗಿಗೆ ಪಕ್ಕದ ಕ್ವಾರ್ಟರ್ಸಿನ ಫಿಟ್ಟರ್ ಮುರುಗೇಶ ಓಡಿಬಂದ. ನನ್ನ ಸುತ್ತ ಒಂದು ಸುತ್ತು ಹಾಕಿದ. "ಯಾರೂ ಫೋರ್ಸ್ ಮಾಡ್ಬೇಡಿ. ಸಾರ್ ಜಾಮ್ ಆಗಿದಾರೆ. ಇದ್ದಂಗೇ ಎತ್ಬೇಕು."

ಅಡುಗೆಮನೆಯ ಬಾಗಿಲು ಬಿಚ್ಚಿ, ಅದರ ಮೇಲೆ ನನ್ನನ್ನು ಚಾಪೆ ಸಮೇತ ಏರಿಸಿ, ಮೇಲೊಂದು ಬಿಳಿ ಬೆಡ್‌ಶೀಟ್ ಹೊದಿಸಿ ತರಕಾರಿ ಟೆಂಪೊಗೆ ಹಾಕಿದರು. ದಾರಿಯಲ್ಲಿ, ನ್ಯೂ ಟೌನಿನ ಹತ್ತಿರ, ಯಾರೋ ಹಿರಿಯರು ನಿಂತು ಕೈಮುಗಿದರು. ಮರ್ಯಾದೆಗೆ ನಾನೂ ಕೈಮುಗಿದೆ. ಪಾಪ, ಅವರು ಚಪ್ಪಲಿ ಬಿಟ್ಟು ಓಡಿದರು.

ಶಿವಮೊಗ್ಗದಲ್ಲಿ ವೀಣಾ ಮೇಡಂ ಒತ್ತಿ ನೋಡಿದರು. "ಡಿಸ್ಕಿಗೆ ಏನೂ ಆಗಿಲ್ಲ. ಸ್ನಾಯು ಹಿಡ್ಕೊಂಡಿದೆ. ಒಂದು ವಾರ ರೆಸ್ಟು, ಆಮೇಲೆ ಹತ್ತೇ ಹತ್ತು. ದಿನಾ ಎಷ್ಟು ಮಾಡ್ತಿದ್ರಿ?"

"ನೂರಿಪ್ಪತ್ತು. ಮಗಳ ಧಾರೆಗೆ ಕೆಳಗೆ ಕೂರ್ಬೇಕು ಮೇಡಂ."

"ಕೆಳಗೇ ಕೂರ್ಬೇಕು ಅಂತ ಪುರೋಹಿತರು ಹೇಳಿದ್ರಾ?"

ನಾನು ಗಿರಿಜೆಯ ಮುಖ ನೋಡಿದೆ. ಗಿರಿಜೆ ನನ್ನ ಮುಖ ನೋಡಿದಳು. ಇಬ್ಬರೂ ಅವರನ್ನು ಕೇಳಿಯೇ ಇರಲಿಲ್ಲ! 'ಹೌದು' ಅಂದುಬಿಟ್ಟರೆ ಎಂಬ ಭಯಕ್ಕೆ ಆಮೇಲೂ ನಾನು ಕೇಳಲಿಲ್ಲ.

ಮದುವೆಯ ದಿನ ನೋಡುತ್ತೇನೆ, ಪುರೋಹಿತರಾದ ಭಟ್ಟರೇ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯ ಮೇಲೆ ಕೂತಿದ್ದಾರೆ. "ನಾನು ಕೆಳಗೆ ಕೂರೋದು ಬಿಟ್ಟು ಹತ್ತು ವರ್ಷ ಆಯ್ತು ಯಜಮಾನ್ರೇ. ನಿಮ್ಮ ಮನೆಯವ್ರು ಬೆಳಿಗ್ಗೆ ಎಲ್ಲಾ ಹೇಳಿದ್ರು, ನಿಮಗೂ ಸ್ಟೂಲ್ ಹಾಕ್ಸಿದೀನಿ," ಎಂದರು. ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಸ್ಟೂಲಿನ ಮೇಲೆ ರಾಜನಂತೆ ಕೂತು, ನನ್ನ ಕೈಯಾರೆ ಧಾರೆ ಎರೆದೆ. ಸುಮಾ ಅತ್ತಳು, ನಾನೂ ಅತ್ತೆ.

ಗಿರಿಜೆ ಆಗಲೇ ನನ್ನ ಸಾಹಸವನ್ನು ಮಂಟಪಕ್ಕೆಲ್ಲ ಸಾರಿದ್ದಳು. ಭಟ್ಟರು ಮಂತ್ರದ ನಡುವೆ ಬಾಗಿ, ಮೆಲ್ಲಗೆ ಕೇಳಿದರು: "ಆ ವ್ಯಾಯಾಮ ದಿನಕ್ಕೆ ಎಷ್ಟು ಸಲ ಮಾಡ್ಬೇಕು?"

"ಹತ್ತು."

"ಹತ್ತೇನಾ? ನಾನು ಇಪ್ಪತ್ತು ಮಾಡ್ತೀನಿ ಬಿಡಿ."

"ಮಾಡಿ ಭಟ್ರೇ," ಎಂದೆ. "ಮೊದಲು ನಿಮ್ಮನೆ ಅಡುಗೆಮನೆ ಬಾಗಿಲು ಎಷ್ಟು ಅಗಲ ಇದೆ ನೋಡ್ಕೊಳ್ಳಿ."